ಕೇಳಿದರೆ ಉತ್ತರ ಕೊಡುವುದಿಲ್ಲ

ಆ ಸಂದೇಶ ಮೊದಲು ಬಂದದ್ದು ಅಂಗನವಾಡಿ ತಾಯಂದಿರ ವಾಟ್ಸಾಪ್ ಗುಂಪಿಗೆ. ಯಾರೋ ಎಲ್ಲಿಂದಲೋ ಬಂದದ್ದನ್ನು ಹಾಗೇ ದಾಟಿಸಿದ್ದರು. ಕರಾವಳಿಗೆ ಮಕ್ಕಳ ಕಳ್ಳರ ತಂಡ ಇಳಿದಿದೆ, ಎಚ್ಚರದಿಂದಿರಿ. ಅವರ ಗುರುತು ಹಿಡಿಯುವುದು ಹೇಗೆಂದು ಕೆಳಗೆ ಬರೆದಿತ್ತು: ‘ಹುಚ್ಚರಂತೆ, ಮೂಗರಂತೆ ನಟಿಸುತ್ತಾರೆ. ಒಬ್ಬೊಬ್ಬರೇ ಅಲೆಯುತ್ತಾರೆ. ಕೇಳಿದರೆ ಉತ್ತರ ಕೊಡುವುದಿಲ್ಲ.’

ಅಂಗನವಾಡಿ ಶಿಕ್ಷಕಿ ಸುಗಂಧಾ ಅದನ್ನು ಓದಿದ್ದು ಮಕ್ಕಳಿಗೆ ಮೊಟ್ಟೆ ಸುಲಿಯುತ್ತ ಕೂತಾಗ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಆಮೇಲೆ ತಲೆ ಎತ್ತಿ ಮೂಲೆಯ ಕಡೆ ನೋಡಿದಳು. ಮಕ್ಕಳ ಚಾಪೆಯ ತುದಿಯಲ್ಲಿ ಅವಳ ಮಗ ಅಜಯ ಕಾಲು ಮಡಚಿ ಕೂತಿದ್ದ. ಇಪ್ಪತ್ತೊಂದು ವರ್ಷದ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಹುಡುಗ. ಹುಟ್ಟಿದ ಮೇಲೆ ಒಂದು ಮಾತು ಆಡಿದವನಲ್ಲ. ಗಂಟಲಿನ ಒಳಗೇ ಒಂದು ಗುಂಯ್ ಎನ್ನುವ ಸದ್ದು ಮಾಡುತ್ತಿದ್ದ, ಅಷ್ಟೇ. ಕಾಲ್ಗೆಜ್ಜೆ ಕಟ್ಟಿದ ಮಗುವೊಂದು ಓಡಿಹೋದರೆ ಆ ಸದ್ದು ನಿಲ್ಲುತ್ತಿತ್ತು. ಅವನು ಮುಂದಕ್ಕೆ ಬಗ್ಗಿ, ಕಿವಿಯನ್ನು ಗೆಜ್ಜೆಯ ಕಡೆ ಒಡ್ಡಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಕಾರವಾರಕ್ಕೂ ಅಂಕೋಲೆಗೂ ನಡುವೆ, ಹೆದ್ದಾರಿಗೆ ಅಂಟಿಕೊಂಡ ಆ ಊರಿನಲ್ಲಿ ಅಜಯ ಯಾರಿಗೂ ಹೊಸಬನಲ್ಲ. ಚಹಾ ಕುಡಿದಾದ ಮೇಲೆ ಅವನು ಮನೆಯಿಂದ ಹೊರಟು ಹೆದ್ದಾರಿಯ ಅಂಚಿನಲ್ಲೇ ಸೇತುವೆಯವರೆಗೆ ನಡೆದು ಹಿಂತಿರುಗುತ್ತಿದ್ದ. ‘ಅಕ್ಕೋರ ಮಗ ಹೊರಟ’ ಎಂದು ಅಂಗಡಿಯವರು ಗಡಿಯಾರ ನೋಡದೆ ಹೊತ್ತು ಹೇಳುತ್ತಿದ್ದರು.

ಹಾಗೆ ಹೇಳುವಷ್ಟು ಒಪ್ಪಿಕೊಳ್ಳುವುದಕ್ಕೆ ಊರಿಗೆ ಬಹಳ ವರ್ಷ ಬೇಕಾಗಿದ್ದವು. ಅವನು ಚಿಕ್ಕವನಿದ್ದಾಗ ನಾಲಗೆ ದಪ್ಪ ಎಂದವರಿದ್ದರು, ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಾಳೆ ಎಂದವರಿದ್ದರು. ಹರಕೆ ಮುಗಿದು, ಮಣಿಪಾಲಕ್ಕೆ ಹೋಗಿಬಂದ ಮೇಲೆ ಅದಕ್ಕೊಂದು ಹೆಸರು ಸಿಕ್ಕಿತು, ಆಟಿಸಂ. ಹೆಸರು ಸಿಕ್ಕಿದರೂ ಮಗ ಹಾಗೆಯೇ ಇದ್ದ. ಗಂಡ ಸೋಮು ಕೈಗಾದಲ್ಲಿ ಗುತ್ತಿಗೆದಾರನ ಕೆಳಗೆ ಎಲೆಕ್ಟ್ರಿಕ್ ಕೆಲಸ ಮಾಡುತ್ತ, ಮಲ್ಲಾಪುರದಲ್ಲಿ ಇನ್ನಿಬ್ಬರ ಜೊತೆ ಕೋಣೆ ಹಿಡಿದು, ಶನಿವಾರ ಸಂಜೆ ಊರಿಗೆ ಬರುತ್ತಿದ್ದ. ಉಳಿದ ದಿನಗಳೆಲ್ಲ ಸುಗಂಧಾಳ ಪಾಲು.

ಕಾರವಾರದಲ್ಲಿ ಅಂಗವಿಕಲರ ಕಾರ್ಡು ಮಾಡಿಕೊಡುವ ಶಿಬಿರದ ಸಾಲಿನಲ್ಲಿ ಅವಳಿಗೆ ಗಂಗೆ ಸಿಕ್ಕಿದ್ದಳು. ಗಂಗೆ ಅಂಕೋಲೆ ಕಡೆಯವಳು, ಗದ್ದೆ ಕೂಲಿಗೆ ಹೋಗುವವಳು. ಮಾತು ಬಾರದ ಮಗಳು ಧನಲಕ್ಷ್ಮಿಯನ್ನು, ಬಿಟ್ಟರೆ ಓಡಿಹೋಗುತ್ತಾಳೆಂದು, ಸೀರೆಯ ತುದಿಯಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದಳು. ಅದೇ ಸಾಲಿನಲ್ಲಿ ಕಾರವಾರದ ದೀಪಾಲಿ ಇದ್ದಳು, ಬ್ಯಾಂಕಿನ ಗುಮಾಸ್ತೆ. ಅವಳ ಮಗ ರೋಷನ ಚೆನ್ನಾಗಿ ಮಾತಾಡುತ್ತಿದ್ದ, ಲೆಕ್ಕ ಮಾಡುತ್ತಿದ್ದ. ಆದರೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದು, ಕೊನೆಗೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಶಾಲೆಯವರು ಒಬ್ಬರ ಮೇಲೊಬ್ಬರು ಟಿ.ಸಿ. ಕೊಟ್ಟು ಕಳಿಸಿ, ಈಗ ಇನ್ನೊಂದು ಹೊಸ ಶಾಲೆಗೆ ಹೋಗುತ್ತಿದ್ದ.

ಆ ಮೂವರಿಂದ ಶುರುವಾದದ್ದು ಭಾನುವಾರದ ಕೂಟ. ಅಂಕೋಲೆಯಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಯೊಂದರ ಕೋಣೆಯ ಬೀಗದ ಕೈ ಕೇಳಿ ಪಡೆದಿದ್ದರು. ಮೊದಲ ತಿಂಗಳುಗಳಲ್ಲಿ ಅಲ್ಲಿ ಸಭೆ ನಡೆಯಲಿಲ್ಲ, ಭಾಷಣವೂ ಆಗಲಿಲ್ಲ. ಇಬ್ಬರು ಮಕ್ಕಳನ್ನು ನೋಡಿಕೊಂಡರೆ ಉಳಿದವರು ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ವರ್ಷಗಟ್ಟಲೆ ಒಂದು ಕಣ್ಣು ತೆರೆದೇ ನಿದ್ದೆ ಮಾಡಿದ ಹೆಂಗಸರು ಹಗಲು ಹೊತ್ತಿನಲ್ಲಿ ಗೊರಕೆ ಹೊಡೆದರು. ಮಾತು ಶುರುವಾದದ್ದು ನಿದ್ದೆ ತುಂಬಿದ ಮೇಲೆ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹರಡಿ ಹತ್ತು ಹನ್ನೆರಡು ಮನೆಯವರು ಸೇರಿದರು. ಸೋಮು ಮೊದಮೊದಲು ಬಾಗಿಲ ಹೊರಗೇ ಬೀಡಿ ಸೇದುತ್ತ ನಿಲ್ಲುತ್ತಿದ್ದ. ಆಮೇಲೆ ಒಳಗೆ ಬಂದು ಫ್ಯಾನ್ ರಿಪೇರಿ ಮಾಡಿದ.

ಮಕ್ಕಳ ಕಳ್ಳರ ಸಂದೇಶ ಬಂದದ್ದು ಇದೆಲ್ಲ ಒಂದು ಹದಕ್ಕೆ ಬಂದಿದೆ ಅನ್ನಿಸುತ್ತಿದ್ದ ಕಾಲದಲ್ಲಿ.

ಇದು ಸುಳ್ಳು ಸುದ್ದಿ, ಯಾರೂ ನಂಬಬೇಡಿ ಎಂದು ಸುಗಂಧಾ ಗುಂಪಿನಲ್ಲಿ ಬರೆದಳು. ಪೊಲೀಸರೂ ರಿಕ್ಷಾಕ್ಕೆ ಮೈಕು ಕಟ್ಟಿ ಅದನ್ನೇ ಕೂಗಿಸಿದರು. ಆದರೆ ಮರುದಿನ ಅದೇ ಸುದ್ದಿ ಬೇರೆ ಫೋಟೊ ಹೊತ್ತು ಬಂತು. ಅದರ ಮರುದಿನ ಯಾರದೋ ಧ್ವನಿ, ಅಳುತ್ತಿರುವ ಹೆಂಗಸಿನದು, ನನ್ನ ಮಗುವನ್ನು ಎಳೆದುಕೊಂಡು ಹೋದರು ಎನ್ನುತ್ತಿತ್ತು. ಎಲ್ಲಿಯವಳು ಎಂದು ಯಾರಿಗೂ ಗೊತ್ತಿರಲಿಲ್ಲ. ಸಂಜೆ ಹೊತ್ತು ಅಂಗಡಿಯ ಕಟ್ಟೆಯ ಮೇಲೆ ಗಂಡಸರು ಮೊಬೈಲು ನಡುವೆ ಇಟ್ಟುಕೊಂಡು ಆ ಅಳುವನ್ನು ಮತ್ತೆ ಮತ್ತೆ ಕೇಳಿದರು. ಘಟ್ಟದ ಮೇಲೆಲ್ಲೋ ಚಾದರ ಮಾರುವವನಿಗೆ ಹೊಡೆದರಂತೆ ಎಂಬ ಸುದ್ದಿ ಬಂತು. ಆಮೇಲೆ ಘಟ್ಟದ ಕೆಳಗೇ, ಬಸ್ಸಿನಲ್ಲಿ ಒಂದು ತಾಸಿನ ದೂರದಲ್ಲಿ, ಗಿಳಿಶಾಸ್ತ್ರದವನೊಬ್ಬನನ್ನು ಕಟ್ಟಿ ಹಾಕಿದ್ದರು.

ಹೊನ್ನಮ್ಮ ಅಂಗನವಾಡಿಗೆ ಬಂದದ್ದು ಆ ವಾರ. ಮೊಮ್ಮಗಳನ್ನು ದಿನವೂ ಬಿಡಲು ಬರುವ ಅಜ್ಜಿ. ಅವತ್ತು ಮೊಮ್ಮಗಳನ್ನು ಒಳಗೆ ಕಳಿಸಿ, ತಾನು ಹೊಸ್ತಿಲಲ್ಲೇ ನಿಂತಳು.

“ಅಕ್ಕೋರೆ, ಒಂದ್ ಮಾತು. ನೀವು ಬೇಜಾರ ಮಾಡ್ಕಣೂಕಾಗ.”

“ಹೇಳಿ.”

“ನಿಮ್ ಮಗ ಎಂತವ ಹೇಳಿ ನಮ್ಗೆ ಗೊತ್ತದೆ. ನಮ್ಮೋರು ಯಾರೂ ಎಂತಾ ಹೇಳೂದಿಲ್ಲ. ಆದ್ರೆ ಹೊರಗಿನೋರು ಯಾರಾರೂ ನೋಡಿ, ಇಷ್ಟ್ ದೊಡ್ಡ ಗಂಡ್ಸು ಹುಡ್ರ ಜೊತಿಗೆ ಎಂತಕೆ ಕೂತಂವ ಹೇಳಿ ಕೇಳಿದ್ರೆ? ಸ್ವಲ್ಪ ದಿವ್ಸ ಮನೇಲೇ ಇರ್ಲಿ.”

ಸುಗಂಧಾ ತಲೆ ಆಡಿಸಿದಳು. ಹೊನ್ನಮ್ಮನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಶನಿವಾರ ಬಂದ ಸೋಮು ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವ ಯೋಚನೆ ಹೇಳಿದ. ಸೋಮವಾರ ಹಾಗೇ ಮಾಡಿ ಸುಗಂಧಾ ಕೆಲಸಕ್ಕೆ ಹೋದಳು. ಹಿಂದೆ ಬರುವಾಗ ರಸ್ತೆಯವರೆಗೆ ಧಡ್ ಧಡ್ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದರೆ ಅಜಯನ ಹಣೆ ಊದಿ ಚರ್ಮ ಕಿತ್ತುಹೋಗಿತ್ತು, ಬಾಗಿಲ ಹಲಗೆಯ ಮೇಲೆ ರಕ್ತವಿತ್ತು. ಚಿಲಕವನ್ನು ಅವತ್ತೇ ಕಿತ್ತು ಹಾಕಿದಳು.

ಮುಂದಿನ ಭಾನುವಾರ ಕೂಟದಲ್ಲಿ ಬೇರೆ ಮಾತೇ ಇರಲಿಲ್ಲ. ಎಲ್ಲರ ಮೊಬೈಲಿಗೂ ಆ ಸಂದೇಶ ಬಂದಿತ್ತು. ಓದಿದಾಗ ಎಲ್ಲರಿಗೂ ತಮ್ಮ ತಮ್ಮ ಮಗುವೇ ಕಂಡಿತ್ತು.

ಸುಗಂಧಾ ಹೇಳಿದಳು, “ಅಜಯನ ಫೋಟೊ ಹಾಕಿ, ಇಂವ ನನ್ನ ಮಗ, ಮಾತು ಬರೂದಿಲ್ಲ ಹೇಳಿ ಬರ್ದು ಎಲ್ಲಾ ಗುಂಪಿಗೂ ಕಳಸ್ತೆ ನಾನು.”

“ಬೇಡ ಸುಗಂಧಾಬಾಯಿ,” ಎಂದಳು ದೀಪಾಲಿ. “ನೀವು ಬರೆದದ್ದನ್ನ ಯಾರೋ ಅಳಿಸ್ತಾರೆ. ಫೋಟೊ ಮಾತ್ರ ಉಳೀತದೆ. ನಾಳೆ ಅದಕ್ಕೇ ಕೆಂಪು ಗೆರೆ ಸುತ್ತಿ ನಿಮ್ಗೇ ವಾಪಸ್ ಕಳಿಸ್ತಾರೆ.”

ಆಗ ಗಂಗೆ, ಮಗಳ ತಲೆಯ ಹೇನು ನೋಡುತ್ತಿದ್ದವಳು, ಕೈ ನಿಲ್ಲಿಸದೆ ಹೇಳಿದಳು:

“ಫೋಟೊ ಎಂತಕೆ? ಹುಡ್ರನ್ನೇ ಕರ್ಕಂಡ್ ಹೋಗ್ವ. ಕೇರಿ ಕೇರಿಗೆ ಹೋಗಿ ತೋರ್ಸ್ವ. ಕಣ್ಣಾರೆ ಕಂಡದ್ದಕ್ಕೆ ಯಾರು ಹೊಡೀತ್ರು?”

ದೀಪಾಲಿ ಒಪ್ಪಲಿಲ್ಲ. ಅವಳ ದೊಡ್ಡ ಮಗಳು ನಾಗಶ್ರೀಗೆ ಗೋವಾದ ಕಡೆ ಸಂಬಂಧ ಮಾತಾಗುತ್ತಿತ್ತು. ಗಂಡಿನವರಿಗೆ ರೋಷನನ ವಿಷಯ ಇನ್ನೂ ಪೂರ್ತಿ ಹೇಳಿರಲಿಲ್ಲ. “ಊರೂರು ಮೆರವಣಿಗೆ ಮಾಡೂದು ನನ್ನಿಂದ ಆಗೂದಿಲ್ಲ. ನೀವು ಹೋಗಿ. ಒಂದ್ ಮಾತ್ ಮಾತ್ರ ಹೇಳ್ತೆ, ಜನ ನೋಡೂದು ಒಂದು, ತಿಳ್ಕಣೂದು ಇನ್ನೊಂದು.” ಮಗನ ಕೈ ಹಿಡಿದು ಬಸ್ಸಿಗೆ ಹೋದಳು. ಅವಳ ಹಿಂದೆ ಇನ್ನೂ ಕೆಲವರು ಹೋದರು.

ಉಳಿದವರು ಕೇರಿ ಸುತ್ತಲು ಹೊರಟರು. ಭಾನುವಾರ ಬಿಟ್ಟರೆ ರಜೆಯ ದಿನ, ಹೀಗೆ ಹೆದ್ದಾರಿಯ ಎರಡೂ ಬದಿಯ ಕೇರಿಗಳಲ್ಲಿ ನಡೆದರು. ರಿಕ್ಷಾ ನಿಲ್ದಾಣ, ಮೀನು ಪೇಟೆ, ದೋಣಿ ಎಳೆಯುವ ದಂಡೆ, ಗುಡಿಯ ಅಂಗಳ. ಸುಗಂಧಾ ಮುಂದೆ ನಿಂತು ಹೇಳುತ್ತಿದ್ದಳು: ಇವನು ಅಜಯ, ನನ್ನ ಮಗ, ಹೆಸರು ಕೇಳಿದರೆ ಹೇಳುವುದಿಲ್ಲ, ಹೆದರಿದರೆ ಗುಂಯ್ ಎನ್ನುತ್ತಾನೆ, ಗೆಜ್ಜೆ ಸದ್ದು ಅಂದರೆ ಇಷ್ಟ, ಕಂಡರೆ ನನಗೆ ಫೋನ್ ಮಾಡಿ. ಕೆಲವರು ನೀರು ಕೊಟ್ಟರು. ಮೀನು ಮಾರುವ ಹೆಂಗಸರು ಧನಲಕ್ಷ್ಮಿಯ ಗಲ್ಲ ಹಿಂಡಿದರು. ಕೆಲವರು ಮಾತು ಮುಗಿಯುವ ಮೊದಲೇ ಮಕ್ಕಳನ್ನು ಒಳಗೆ ಕರೆದುಕೊಂಡರು. ಒಂದು ಮನೆಯಲ್ಲಿ ಕಿಟಕಿಯ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು. ಅಷ್ಟೇ ಉತ್ತರ.

ಒಂದು ತಿರುವಿನಲ್ಲಿ ಬೈಕು ನಿಲ್ಲಿಸಿಕೊಂಡಿದ್ದವನೊಬ್ಬ ಮೊಬೈಲು ಎತ್ತಿ ಹಿಡಿದಿದ್ದನ್ನು ಸೋಮು ನೋಡಿದ.

“ಎಂತ ಮಾಡ್ತೆ ತಮಾ? ವಿಡಿಯೊ ತೆಗಿಬೇಡ,” ಎಂದ.

“ತೆಗಿಲಿಲ್ಲ ಮಾರಾಯ್ರೆ, ಮೆಸೇಜ್ ನೋಡ್ತೆ ಇದ್ದೆ,” ಎಂದು ಅವನು ಬೈಕು ತಿರುಗಿಸಿಕೊಂಡು ಹೋದ.

ಅದಾಗಿ ಕೆಲವೇ ದಿನಗಳಲ್ಲಿ ಹೊಸ ಸಂದೇಶ ಓಡಾಡತೊಡಗಿತು. ಸುಗಂಧಾಳಿಗೆ ಅದನ್ನು ಕಳಿಸಿದವಳು ದೀಪಾಲಿ, ಜೊತೆಗೆ ಒಂದಕ್ಷರವನ್ನೂ ಬರೆಯದೆ. ದೂರದಿಂದ ತೆಗೆದ ವಿಡಿಯೊ. ಹೆಂಗಸರ ಒಂದು ಗುಂಪು ಓಣಿಯಲ್ಲಿ ನಡೆಯುತ್ತಿದೆ, ನಡುವೆ ಎತ್ತರದ ಒಬ್ಬ ಯುವಕ. ಮುಖ ಸರಿಯಾಗಿ ಕಾಣುವುದಿಲ್ಲ. ಅಡಿಯಲ್ಲಿ ಬರೆದಿತ್ತು: ‘ಹೆಂಗಸರನ್ನು ಮುಂದಿಟ್ಟುಕೊಂಡು ಮನೆ ಮನೆ ನೋಡಿ ಹೋಗುತ್ತಿದ್ದಾರೆ. ಆಮೇಲೆ ಒಬ್ಬನೇ ಬರುತ್ತಾನೆ.’

ಸುಗಂಧಾ ಅದನ್ನು ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೋದಳು. ಅಲ್ಲಿ ಕುರ್ಚಿ ಕೊಟ್ಟು ಕೂರಿಸಿ, ಎಲ್ಲ ಕೇಳಿ, ನೋಡುತ್ತೇವೆ ಅಕ್ಕೋರೆ, ನೀವು ಹುಡುಗನನ್ನು ಹೊರಗೆ ಬಿಡಬೇಡಿ ಎಂದರು.

ಬಿಡದೆ ಇರುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಸುತ್ತಾಟದಿಂದ ಇನ್ನೊಂದು ಆಗಿತ್ತು, ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷ ಸೇತುವೆಯವರೆಗೆ ಮಾತ್ರ ಗೊತ್ತಿದ್ದ ಅಜಯನಿಗೆ ಈಗ ಸೇತುವೆಯ ಆಚೆಯ ದಾರಿಗಳೂ ಗೊತ್ತಾಗಿದ್ದವು. ಅವನ ನಡಿಗೆ ಪ್ರತಿದಿನ ಸ್ವಲ್ಪ ಸ್ವಲ್ಪ ಉದ್ದವಾಗುತ್ತಿತ್ತು. ಅವಳು ಬೆನ್ನಿಗೇ ಹೋಗಿ ತೋಳು ಹಿಡಿದು ತಿರುಗಿಸಿದರೆ ಅವನು ತಿರುಗುತ್ತಿದ್ದ. ಆದರೆ ಅಂಗನವಾಡಿಯ ಹೊತ್ತಿನಲ್ಲಿ ಬೆನ್ನಿಗೆ ಹೋಗುವವರು ಯಾರೂ ಇರಲಿಲ್ಲ. ಪಕ್ಕದ ಮನೆಯವಳಿಗೆ ನೋಡಿಕೋ ಎಂದು ಹೇಳಿ ಹೋಗುತ್ತಿದ್ದಳು. ಅವತ್ತು ಪಕ್ಕದ ಮನೆಯವಳು ಬಟ್ಟೆ ಒಣಗಿಸಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಜಗುಲಿ ಖಾಲಿಯಾಗಿತ್ತು.

ಸುಗಂಧಾಳಿಗೆ ವಿಷಯ ತಿಳಿದದ್ದು ಪಕ್ಕದ ಮನೆಯವಳಿಂದಲ್ಲ, ಮೊಬೈಲಿನಿಂದ. ಮಕ್ಕಳಿಗೆ ಊಟ ಬಡಿಸಿ ಕೈ ತೊಳೆಯುವಾಗ ಗುಂಪಿಗೆ ಒಂದು ಫೋಟೊ ಬಂತು. ‘ಸಿಕ್ಕಿಬಿದ್ದ’ ಎಂದು ಬರೆದಿತ್ತು. ವಿದ್ಯುತ್ ಕಂಬಕ್ಕೆ ಬೆನ್ನು ಮಾಡಿ ಕಟ್ಟಿದ ಒಬ್ಬ ಹುಡುಗ. ಅವಳೇ ಹೊಲಿದು ಕೊಟ್ಟ ನೀಲಿ ಅಂಗಿ. ಹಿಂದೆ ಒಂದು ನೀರಿನ ಟಾಕಿ ಕಾಣುತ್ತಿತ್ತು, ಅದರ ಮೇಲೆ ಅರ್ಧ ಅಳಿಸಿದ ಸಿಮೆಂಟ್ ಜಾಹೀರಾತು. ಆ ಟಾಕಿ ಎಲ್ಲಿಯದೆಂದು ಅವಳಿಗೆ ಗೊತ್ತಿತ್ತು. ಅಂಕೋಲೆ ಕಡೆ, ಹೆದ್ದಾರಿಯಿಂದ ಒಳಗಿನ ಕೇರಿ. ಆ ಓಣಿಯ ತುದಿಯಿಂದ ಅವರು ಹಾದುಹೋಗಿದ್ದರು. ಮಕ್ಕಳು ದಣಿದಿದ್ದಾರೆ, ಇಲ್ಲಿಗೆ ಮುಂದಿನ ವಾರ ಬರೋಣ ಎಂದುಕೊಂಡು ಒಳಗೆ ಹೋಗಿರಲಿಲ್ಲ.

ಅವಳು ಗಂಗೆಗೆ ಫೋನ್ ಮಾಡಿದಳು. ಗಂಗೆ ಅವತ್ತು ಆ ಕಡೆಯ ಗದ್ದೆಯಲ್ಲೇ ಶೇಂಗಾ ಕೀಳುವ ಕೆಲಸದಲ್ಲಿದ್ದಳು. “ಟಾಕಿ ಹತ್ರ ಅಜಯನ್ನ ಕಟ್ಟಿದ್ರು,” ಎಂದು ಹೇಳಿ ಸುಗಂಧಾ ಫೋನ್ ಇಟ್ಟಳು. ಹೊರಗೆ ಬಂದು ರಿಕ್ಷಾ ಹತ್ತಿದಾಗ, ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಹೊನ್ನಮ್ಮ ಅವಳ ಕೈಯಲ್ಲಿದ್ದ ಫೋಟೊ ನೋಡಿ ಮಗುವನ್ನು ಸಹಾಯಕಿಯ ಕೈಗೆ ಕೊಟ್ಟು, ತಾನೂ ಹತ್ತಿ ಪಕ್ಕದಲ್ಲಿ ಕೂತಳು.

ಅಲ್ಲಿ ನಡೆದದ್ದನ್ನು ಆಮೇಲೆ ಆ ಕೇರಿಯವರಿಂದ ಕೇಳಿ ತಿಳಿದು ಹೇಳಿದವಳು ಗಂಗೆ. ಟಾಕಿಯ ಎದುರಿನ ಮನೆಯ ಗೇಟಿನ ಬಳಿ ಮೂರು ವರ್ಷದ ಹುಡುಗಿಯೊಂದು ಕುಣಿಯುತ್ತಿತ್ತು, ಕಾಲಿಗೆ ಬೆಳ್ಳಿಯ ಗೆಜ್ಜೆ. ಅಜಯ ಗೇಟಿನ ಒಳಗೆ ಹೋಗಿ ಮಂಡಿಯೂರಿ, ಕಿವಿಯನ್ನು ಮಗುವಿನ ಕಾಲಿನ ಹತ್ತಿರ ತಂದಿದ್ದ. ಮಗು ಹೆದರಿರಲಿಲ್ಲ. ಇನ್ನಷ್ಟು ಜೋರಾಗಿ ಕುಣಿದಿತ್ತು. ಬಾವಿಕಟ್ಟೆಯಿಂದ ತಿರುಗಿ ನೋಡಿದ ತಾಯಿ ಕಿರುಚಿಕೊಂಡಳು.

ಜನ ಸೇರಲು ಹೊತ್ತು ಬೇಕಾಗಲಿಲ್ಲ. ಹೆಸರೇನು ಎಂದರು, ಅವನು ಹೇಳಲಿಲ್ಲ. ಯಾವೂರು ಎಂದರು, ಹೇಳಲಿಲ್ಲ. ಒಬ್ಬೊಬ್ಬರ ಪ್ರಶ್ನೆಯ ಬೆನ್ನಿಗೆ ಒಂದೊಂದು ಪೆಟ್ಟು ಬಿತ್ತು. ಕೊರಳಲ್ಲಿ ಸುಗಂಧಾ ಕಟ್ಟಿದ್ದ ಅಂಗವಿಕಲರ ಕಾರ್ಡನ್ನು ಯಾರೋ ಓದಿದರು. “ಇಂಥಾ ನಕಲಿ ಕಾರ್ಡ್ ಎಷ್ಟ್ ಬೇಕಾದ್ರೂ ಸಿಕ್ತದೆ,” ಎಂದು ಇನ್ನೊಬ್ಬ ಕಿತ್ತು ಎಸೆದ. ಅಜಯನ ಗಂಟಲಿನಿಂದ ಗುಂಯ್ ಎನ್ನುವ ಸದ್ದು ಜೋರಾಯಿತು. ನೋಡಿ ಹೇಗೆ ನಾಟಕ ಮಾಡುತ್ತಾನೆ ಎಂದು ಅದಕ್ಕೂ ಹೊಡೆದರು.

ಗಂಗೆ ಗದ್ದೆಯಿಂದ ಮಣ್ಣು ಕೈಯಲ್ಲೇ ಓಡಿ ಬಂದಳು. ಸೊಂಟಕ್ಕೆ ಕಟ್ಟಿದ್ದ ಧನಲಕ್ಷ್ಮಿ ಎಳೆದ ಹಾಗೆ ಹಿಂದೆ ಬಂದಳು. ಕೆಲಸದ ಹೆಂಗಸರೂ ಬೆನ್ನಿಗೆ ಬಂದರು. ಜನರನ್ನು ಸರಿಸುವ ಶಕ್ತಿ ಗಂಗೆಗೆ ಇರಲಿಲ್ಲ. ತೋಳುಗಳ ಸಂದಿಯಲ್ಲಿ ನುಗ್ಗಿ, ಸೊಂಟದ ಗಂಟು ಬಿಚ್ಚಿ, ಮಗಳನ್ನು ಅಜಯನ ಮುಂದೆ ನಿಲ್ಲಿಸಿದಳು.

“ಇವ್ಳನ್ನೂ ಕಟ್ಟಿ,” ಎಂದಳು. “ಇವ್ಳಿಗೂ ಮಾತ್ ಬರೂದಿಲ್ಲ. ಹೆಸ್ರ ಕೇಳಿ ನೋಡಿ. ಹೇಳೂದಿಲ್ಲ. ಹೊಡೀರಿ.”

ಎತ್ತಿದ ಕೈಯೊಂದು ಹಾಗೇ ನಿಂತಿತು. ಧನಲಕ್ಷ್ಮಿ ಕಂಬಕ್ಕೆ ಕಟ್ಟಿದ ಹಗ್ಗದ ತುದಿಯನ್ನು ಹಿಡಿದು ಆಡತೊಡಗಿದಳು. ಆ ಕೇರಿಯ ಒಬ್ಬ ಹೆಂಗಸಿಗೆ ಗಂಗೆಯ ಗುರುತಿತ್ತು. ಇವಳು ನಮ್ಮ ಗದ್ದೆಗೆ ಬರುವವಳು ಎಂದು ಅವಳು ಹೇಳಿದ ಮೇಲೆ ಗುಂಪಿನ ಅಂಚು ಸಡಿಲವಾಯಿತು. ಆದರೂ ಹಗ್ಗ ಬಿಚ್ಚಲು ಯಾರೂ ಮುಂದೆ ಬರಲಿಲ್ಲ. ಸುಗಂಧಾ ಮತ್ತು ಹೊನ್ನಮ್ಮ ಬಂದು ಬಿಚ್ಚಿದರು. ಹೊನ್ನಮ್ಮ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿ, “ನಮ್ಮೂರ ಹುಡ್ಗ ಇಂವ,” ಎಂದಳು. ಮೊಬೈಲುಗಳು ಅಲ್ಲಿಯವರೆಗೂ ಮೇಲೆಯೇ ಇದ್ದವು.

ಅಜಯನ ಎಡಗೈ ಮುರಿದಿತ್ತು, ಎರಡು ಹಲ್ಲು ಹೋಗಿದ್ದವು, ಒಂದು ಕಿವಿಯಿಂದ ರಕ್ತ ಬಂದಿತ್ತು. ಕಾರವಾರದ ಆಸ್ಪತ್ರೆಯಲ್ಲಿ ಸೋಮು ಕೈಗಾದ ಕೆಲಸದ ಬಟ್ಟೆಯಲ್ಲೇ ಬಂದು ನಿಂತ. ದೀಪಾಲಿ ಬ್ಯಾಂಕಿನಿಂದ ನೇರವಾಗಿ, ಶಾಲೆಯಿಂದ ಕರೆತಂದ ರೋಷನನ ಜೊತೆಗೇ ಬಂದಳು. ವಾರ್ಡಿನ ತುಂಬ ಜನ ಇದ್ದರು. ಗದ್ದಲಕ್ಕೆ ರೋಷನ ಸಿಟ್ಟಾಗಿ ಸ್ಟೀಲಿನ ಲೋಟ ಎಸೆದ. ಎಲ್ಲರೂ ತಿರುಗಿ ನೋಡಿದರು. ದೀಪಾಲಿ ಲೋಟ ಹೆಕ್ಕಿಕೊಂಡು, “ನನ್ನ ಮಗ,” ಎಂದಳು, ಕೇಳದಿದ್ದವರಿಗೂ. ಗೋವಾದ ಸಂಬಂಧ ಮುಂದೆ ಮುರಿದುಬಿತ್ತು. ಅದಕ್ಕೆ ಕಾರಣ ಇದೇ ಇರಬಹುದು, ಇಲ್ಲದಿರಬಹುದು. ಅವಳು ವಿಚಾರಿಸಲು ಹೋಗಲಿಲ್ಲ.

ಕೇಸು ಆಯಿತು. ಕೆಲವರನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು. ಗೆಜ್ಜೆಯ ಹುಡುಗಿಯ ತಾಯಿ ಒಂದು ದಿನ ಬಾಳೆಗೊನೆ ಹಿಡಿದು ಸುಗಂಧಾಳ ಮನೆಗೆ ಬಂದು, ಜಗುಲಿಯ ಮೇಲೆ ಕೂತು ಬಹಳ ಹೊತ್ತು ಅತ್ತಳು. ಸುಗಂಧಾ ಅವಳಿಗೆ ಚಹಾ ಕೊಟ್ಟಳು. ಬಾಳೆಗೊನೆಯನ್ನು ತೆಗೆದುಕೊಂಡಳು.

ಈಗ ಅಜಯ ನಡೆಯುವುದಿಲ್ಲ. ಬಾಗಿಲು ಪೂರ್ತಿ ತೆರೆದಿಟ್ಟರೂ ಅದರ ಹಿಂದೆ ಗೋಡೆಗೆ ಬೆನ್ನು ಒತ್ತಿ ಕೂರುತ್ತಾನೆ. ಗಂಟಲಿನ ಸದ್ದು ನಿಂತುಹೋಗಿದೆ. ರಸ್ತೆಯಲ್ಲಿ ಯಾರದಾದರೂ ಗೆಜ್ಜೆ ಕೇಳಿದರೆ ಮೊಣಕಾಲುಗಳ ನಡುವೆ ತಲೆ ತುರುಕಿ ಕಿವಿ ಮುಚ್ಚಿಕೊಳ್ಳುತ್ತಾನೆ. ಭಾನುವಾರದ ಕೂಟ ಅಂಕೋಲೆಯ ಶಾಲೆಯಿಂದ ಸುಗಂಧಾಳ ಅಂಗಳಕ್ಕೆ ಬಂದಿದೆ, ಅವನು ಅಲ್ಲಿಗೆ ಬರಲಾರ ಎಂದು. ಬರುವ ಮನೆಗಳು ಮೊದಲಿಗಿಂತ ಹೆಚ್ಚು. ವಾರದ ದಿನಗಳಲ್ಲೂ ಯಾರಾದರೊಬ್ಬರು ಬಂದು ಅವನ ಪಕ್ಕ ಕೂರುತ್ತಾರೆ, ಹೆಚ್ಚಾಗಿ ಹೊನ್ನಮ್ಮ. ಅಕ್ಕಿ ಆರಿಸುತ್ತ, ಅವನಿಗೆ ತನ್ನ ಮೊಣಕಾಲು ನೋವಿನ ಕಥೆ ಹೇಳುತ್ತಾಳೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸೋಮುವಿನ ಮಲ್ಲಾಪುರದ ಗೆಳೆಯನೊಬ್ಬನಿಗೆ ಒಂದು ಸಂದೇಶ ಬಂತು. ಬೇರೆ ರಾಜ್ಯದ್ದು, ಹಿಂದಿಯಲ್ಲಿತ್ತು. ಅಲ್ಲಿನ ಯಾವುದೋ ಊರಿನಲ್ಲಿ ಮಕ್ಕಳ ಕಳ್ಳ ಸಿಕ್ಕಿದ್ದಾನೆ, ಎಲ್ಲರಿಗೂ ಕಳಿಸಿ. ಜೊತೆಗಿದ್ದದ್ದು ಕಂಬಕ್ಕೆ ಕಟ್ಟಿದ ಅಜಯನ ಫೋಟೊ. ಸೋಮು ಶನಿವಾರ ಬಂದು ಅದನ್ನು ಹೆಂಡತಿಗೆ ತೋರಿಸಿದ.

“ಎಷ್ಟ್ ಜನಕ್ಕೆ ಹೋಗಿರೂದು ಇದು?” ಎಂದಳು ಸುಗಂಧಾ.

“ಅದೆಲ್ಲಾ ಯಾರಿಗ್ ಗೊತ್ತಾಗ್ತದೆ?”

ಆ ಫೋಟೊ ನೋಡಿಯೇ ಒಬ್ಬಳು, ಅವರ ಊರು ವಿಚಾರಿಸಿಕೊಂಡು, ಒಂದು ಭಾನುವಾರ ಕೂಟಕ್ಕೆ ಬಂದಳು. ಗೋವಾ ಗಡಿಯ ಮಾಜಾಳಿಯವಳು, ಗಂಡ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಒಂಬತ್ತು ವರ್ಷದ ಗಂಡು ಮಗು ಅವಳ ಬೆನ್ನ ಹಿಂದೆ ಅಡಗಿ, ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿತ್ತು.

“ನಿಮ್ ಮಗನ್ನ ಮೊಬೈಲಲ್ಲಿ ನೋಡ್ದೆ, ಬಾಯಿ,” ಎಂದಳು. “ನನ್ನದೂ ಹೀಗೇ ಅದೆ. ಇವ್ನು ದೊಡ್ಡವ ಆಗೂದು ನೋಡೂಕೇ ಹೆದ್ರಿಕೆ ಆಗ್ತದೆ.”

“ನಿಮ್ಮ ಕೇರಿಯೋರಿಗೆ ಇವ್ನ ಗುರ್ತ ಅದೆಯಾ?”

“ಇಲ್ಲ. ಹೊರಗೆ ಬಿಡ್ಲೇ ಇಲ್ಲ ನಾನು.”

ಸುಗಂಧಾ ಗಂಗೆಯ ಮುಖ ನೋಡಿದಳು. ಮತ್ತೆ ಕೇರಿ ಸುತ್ತುವ ಮಾತನ್ನು ಗಂಗೆಯೂ ಎತ್ತಿರಲಿಲ್ಲ, ತಾನೂ ಎತ್ತಿರಲಿಲ್ಲ. ಹಾಗೆ ಸುತ್ತಿದ್ದರಿಂದಲೇ ಇದೆಲ್ಲ ಆಯಿತೋ, ಇನ್ನೂ ಬೇಗ ಸುತ್ತಿದ್ದರೆ ಆಗುತ್ತಿರಲಿಲ್ಲವೋ, ಸುಗಂಧಾಳಿಗೆ ಇಂದಿಗೂ ತಿಳಿದಿಲ್ಲ. ಕೊನೆಗೆ ಬಾಯಿ ತೆರೆದವಳು ದೀಪಾಲಿ. “ಮುಂದಿನ ಐತವಾರ ನಾವು ಮಾಜಾಳಿಗೆ ಬರ್ತೇವೆ. ಒಂದ್ ಕೇರಿನೂ ಬಿಡೂದು ಬೇಡ.”

ಆ ಭಾನುವಾರ ಅಜಯನ ಹತ್ತಿರ ಸೋಮು ಉಳಿದ. ಮಕ್ಕಳನ್ನು ಕರೆದುಕೊಂಡು ಉಳಿದವರು ಕಾರವಾರದಲ್ಲಿ ಬಸ್ಸು ಬದಲಿಸಿ ಗಡಿಯ ಕಡೆ ಹೊರಟರು. ಕಾಳಿ ಸೇತುವೆ ದಾಟುವಾಗ ರೋಷನ ನೀರಿನಲ್ಲಿ ಕಂಡ ದೋಣಿಗಳನ್ನು ಎಣಿಸುತ್ತಿದ್ದ. ಸುಗಂಧಾ ಮಾಜಾಳಿಯ ಹುಡುಗನ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು, ಜನರ ಮುಂದೆ ತಪ್ಪಬಾರದು ಎಂದು. ಎದುರಿನ ಸೀಟಿನಲ್ಲಿ ಕೂತಿದ್ದ ನಡುವಯಸ್ಸಿನ ಒಬ್ಬ ಜೇಬಿನಿಂದ ಮೊಬೈಲು ತೆಗೆದು ಮುಖದ ಮಟ್ಟಕ್ಕೆ ಹಿಡಿದ. ಅವನು ಏನನ್ನಾದರೂ ಓದುತ್ತಿದ್ದಾನೋ, ತಮ್ಮ ಮಕ್ಕಳನ್ನು ತೆಗೆಯುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲ. ಕೇಳೋಣವೆಂದು ಏಳಹೋದಳು. ಅಷ್ಟರಲ್ಲಿ ಅವನೂ ಮೊಬೈಲಿನ ಮೇಲಿನಿಂದ ಅವಳನ್ನೇ ನೋಡಿದ.